ಹೂಳೆತ್ತಿದರೆ ಕೆರೆ ತುಂಬೀತೆ?

ಬೇಸಿಗೆ ಬಂದರೆ ಸಾಕು, ಕೋಲಾರದಿಂದ ಚೆನ್ನೈವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಕೆರೆಯ ಹೂಳೆತ್ತಬೇಕು. ಜೆಸಿಬಿ ಇಳಿಯುತ್ತದೆ, ಗುದ್ದಲಿಪೂಜೆಯ ಫೋಟೊ ಬರುತ್ತದೆ, ಸಾಮರ್ಥ್ಯ ಇಷ್ಟು ಲಕ್ಷ ಘನ ಮೀಟರ್ ಹೆಚ್ಚಿತು ಎಂಬ ಅಂಕಿಯೂ ಬರುತ್ತದೆ. ಅಗೆದ ಗುಂಡಿಯ ಅಳತೆ ಅದು. ಗುಂಡಿಗೆ ನೀರು ಎಲ್ಲಿಂದ ಬಂದೀತು ಎಂದು ಕೇಳುವವರು ಕಡಿಮೆ. ಜಾಗ ಸಾಲದೆ ಸೊರಗಿದ ಕೆರೆಯಾದರೆ ಅದು ವರ್ಷವರ್ಷವೂ ಕೋಡಿ ಬಿದ್ದಿರಬೇಕು. ಕೋಡಿ ಬಿದ್ದದ್ದು ಯಾವಾಗ ಎಂದು ಊರಿನ ಹಿರಿಯರೇ ಯೋಚಿಸಿ ಹೇಳಬೇಕಾದ ಕೆರೆಗೆ ಇನ್ನಷ್ಟು ಆಳ ಏಕೆ?

ಚೆನ್ನೈನ ಅಂಬತ್ತೂರಿನ ಸಮಸ್ಯೆ ಇದಕ್ಕೆ ತಿರುಗುಮುರುಗು. ಅಲ್ಲಿನ ಕೆರೆಯ ಕೋಡಿ ನೀರು ಕೊರಟೂರು ಕೆರೆಗೆ, ಅಲ್ಲಿಂದ ಮುಂದೆ ರೆಟ್ಟೇರಿಯ ಕಡೆಗೆ ಹೋಗುತ್ತದೆ. ಕಟ್ಟಿದ್ದು ಗದ್ದೆಗಾಗಿ: ಹಿಂಗಾರಿನಲ್ಲಿ ತುಂಬಬೇಕು, ತೂಬಿನಿಂದ ಗದ್ದೆಗೆ ಇಳಿದು ಮುಂದಿನ ಮಳೆಗೆ ಜಾಗ ಬಿಡಬೇಕು. 1960ರ ದಶಕದಲ್ಲಿ ಕೈಗಾರಿಕಾ ವಸಾಹತು ಬಂತು, ಅಚ್ಚುಕಟ್ಟು ಸೈಟುಗಳಾಯಿತು, 2011ರಲ್ಲಿ ಊರು ಚೆನ್ನೈ ಪಾಲಿಕೆಗೆ ಸೇರಿತು. ತೂಬು ಎತ್ತಿ ಎಂದು ಗಲಾಟೆ ಮಾಡಲು ಈಗ ರೈತನಿಲ್ಲ. ಕಾಂಕ್ರೀಟಿನ ಮೇಲೆ ಬಿದ್ದ ಮಳೆ ಹಿಂದಿಗಿಂತ ಬೇಗ, ಹಿಂದಿಗಿಂತ ಹೆಚ್ಚು ಹರಿದು ಬರುತ್ತದೆ. ಮಳೆಯಿಲ್ಲದ ದಿನವೂ ಚರಂಡಿ ನೀರು ತಪ್ಪುವುದಿಲ್ಲ. ಈ ಕೊಳಚೆಯ ವಿರುದ್ಧ ಕೊರಟೂರಿನವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. ಇಂಥಲ್ಲಿ ಕೆರೆ ಆಳ ಮಾಡಿದರೆ ಹೊಸ ಜಾಗಕ್ಕೆ ಮೊದಲು ಬಂದು ಕೂರುವುದು ಯಾವ ನೀರು? 2015ರ ಡಿಸೆಂಬರಿನಲ್ಲಿ ಚೆಂಬರಂಬಾಕ್ಕಂ ಜಲಾಶಯದಿಂದ 29,000 ಕ್ಯೂಸೆಕ್ ಬಿಟ್ಟು ಅಡ್ಯಾರ್ ನದಿಯ ದಂಡೆ ಮುಳುಗಿದಾಗ ಎದ್ದ ಜಗಳದ ತಿರುಳೂ ಇದೇ: ದೊಡ್ಡ ಮಳೆಗೆ ಮುಂಚೆ ಎಷ್ಟು ಜಾಗ ಖಾಲಿ ಇಡಬೇಕಿತ್ತು?

ಹೂಳೆತ್ತುವವರ ಬಳಿ ಒಂದು ಗಟ್ಟಿ ವಾದವಿದೆ. 100 ಹೆಕ್ಟೇರ್ ಹರವಿನ ಕೆರೆಯಿಂದ ದಿನಕ್ಕೆ 5 ಮಿ.ಮೀ. ಆವಿಯಾದರೂ 50 ಲಕ್ಷ ಲೀಟರ್ ಹೋಯಿತು; ಅದೇ ನೀರನ್ನು ಕಡಿಮೆ ಹರವಿನಲ್ಲಿ ಆಳವಾಗಿ ಇಟ್ಟರೆ ನಷ್ಟ ಕಡಿಮೆ. ನಿಜ. ಆದರೆ ತೂಬಿನ ತಳಕ್ಕಿಂತ ಕೆಳಗೆ ಅಗೆದದ್ದು ತಾನಾಗಿ ಗದ್ದೆಗೆ ಹರಿಯದು, ಪಂಪು ಬೇಕು. ತಳದ ಜೇಡಿ ಪದರ ಒಡೆದರೆ ನೀರು ನಿಲ್ಲುವುದೂ ಕಷ್ಟ. (ಅಂತರ್ಜಲಕ್ಕೆ ಒಳ್ಳೆಯದಲ್ಲವೇ ಎನ್ನಬಹುದು. ಒಳ್ಳೆಯದೇ, ಆದರೆ ಆಗ ಅದನ್ನು ನೀರಾವರಿ ಸಂಗ್ರಹವೆಂದು ವರದಿಯಲ್ಲಿ ಬರೆಯಬೇಡಿ.) ಹಿಂದಿನವರೂ ಹೂಳು ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಗಾಡಿಗೆ ತುಂಬಿ ಹೊಲಕ್ಕೆ ಗೋಡು ಹೊಡೆಯುತ್ತಿದ್ದರು, ಅವರ ಲಾಭ ಹೊಲದಲ್ಲಿತ್ತು.

ಕೆರೆಗೆ ಬರುವ ನೀರನ್ನು ಅಂದಾಜು ಮಾಡಲು ಇಂಜಿನಿಯರಿಂಗ್ ಪಠ್ಯಗಳು ಇಂದಿಗೂ ಕಲಿಸುವುದು ಮುಂಬಯಿ ಪ್ರಾಂತ್ಯದ ಕಾಲದ ಸ್ಟ್ರೇಂಜ್ ಕೋಷ್ಟಕವನ್ನು. ಮಳೆ ಇಷ್ಟು, ಜಲಾನಯನ ಒಳ್ಳೆಯದೋ ಸಾಧಾರಣವೋ ಕೆಟ್ಟದ್ದೋ, ಹರಿದು ಬರುವ ನೀರು ಇಷ್ಟು. ಅದರಲ್ಲಿ 'ಒಳ್ಳೆಯ' ನೆಲವೆಂದರೆ ಮಳೆಯನ್ನು ಹೀರದ ನೆಲ, ಆ ಲೆಕ್ಕಕ್ಕೆ ಅಂಬತ್ತೂರು ಅತ್ಯುತ್ತಮ. ಆದರೆ ಕೊಳವೆಬಾವಿಗೆ ಅದರಲ್ಲಿ ಜಾಗವೇ ಇಲ್ಲ. ಅರ್ಕಾವತಿಗೆ 1930ರ ದಶಕದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಒಳಹರಿವು ಕುಸಿದಾಗ ಮಳೆ ಕೈಕೊಟ್ಟಿತು ಎಂಬುದು ಒಂದು ವಿವರಣೆಯಾಗಿತ್ತು. ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಮಳೆಯನ್ನು ಆ ಆರೋಪದಿಂದ ಬಿಡಿಸಿತು. ಬೆರಳು ತೋರಿದ್ದು ಕೊಳವೆಬಾವಿ, ನೀಲಗಿರಿ ತೋಪು, ಹಳ್ಳಕ್ಕೆ ಹಾಕಿದ ಒಡ್ಡುಗಳ ಕಡೆಗೆ. ಅಂತರ್ಜಲ ಪಾತಾಳಕ್ಕಿಳಿದ ಮೇಲೆ ಹಳ್ಳಕ್ಕೆ ಒಸರುವ ನೀರು ನಿಂತಿತು. ಆ ಜಲಾಶಯವನ್ನು ಎಷ್ಟು ಬಗೆದರೂ ಒಸರು ಮರಳದು. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಸುತ್ತಿರುವುದೇಕೆ? ಕೊರತೆಯಿದ್ದದ್ದು ನೀರಿಗೆ.

ಇನ್ನೊಂದು ತಪ್ಪು, ಕೆರೆಯನ್ನು ಒಂಟಿಯಾಗಿ ಲೆಕ್ಕ ಹಾಕುವುದು. ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ 1866ರಲ್ಲೇ ಬರೆದಿದ್ದ, ಈ ಸೀಮೆಯಲ್ಲಿ ಹೊಸ ಕೆರೆಗೆ ತಾವು ಹುಡುಕುವುದೇ ಕಷ್ಟವೆಂದು. ಒಂದರ ಕೋಡಿ ಇನ್ನೊಂದರ ಒಳಹರಿವು. ಮೇಲಿನದು ಆಳವಾದಷ್ಟೂ ಕೆಳಗಿನದು ತಡವಾಗಿ ತುಂಬುತ್ತದೆ, ಬರದ ವರ್ಷ ತುಂಬುವುದೇ ಇಲ್ಲ. ಮದರಾಸು ಸರ್ಕಾರಕ್ಕೆ ಇದು ಚೆನ್ನಾಗಿ ಗೊತ್ತಿತ್ತು. ಪಾಲಾರ್ ಸೇರಿದಂತೆ ಹೆಸರಿಸಿದ ನದಿಗಳಿಗೆ ತನ್ನ ಒಪ್ಪಿಗೆಯಿಲ್ಲದೆ ಹೊಸ ನೀರಾವರಿ ಜಲಾಶಯ ಕಟ್ಟಬಾರದೆಂದು 1892ರಲ್ಲಿ ಮೈಸೂರಿನ ಕೈ ಕಟ್ಟಿತು. ರಾಜ್ಯರಾಜ್ಯಗಳ ನಡುವೆ ಒಪ್ಪಂದಕ್ಕೆ ಬಂದ ಈ ತಿಳಿವಳಿಕೆ ಊರೂರುಗಳ ನಡುವೆ ಇಲ್ಲ. ಮೇಲಿನ ಕೆರೆಯ ಹೂಳೆತ್ತುವ ಅಂದಾಜುಪಟ್ಟಿಯಲ್ಲಿ ಲಾರಿಯ ಟ್ರಿಪ್ಪು, ಡೀಸೆಲ್ಲು ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ; ಕೆಳಗಿನ ಕೆರೆಯ ಹೆಸರಿಗೂ ಒಂದು ಸಾಲು ಬೇಕು, ಅದರ ಪಕ್ಕದಲ್ಲಿ ಎರಡೂ ಕೆರೆ ಕೋಡಿ ಬಿದ್ದ ವರ್ಷಗಳು.