ಬ್ಯಾಲೆ ನೃತ್ಯದಲ್ಲಿ ಆಹಾರ್ಯ: ಟುಟುವಿನ ರೂಪಭೇದಗಳು

ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ ವೇಷಭೂಷಣಗಳನ್ನು ಆಹಾರ್ಯದಲ್ಲಿ ಸೇರಿಸಿರುವನು. ವೇಷವೂ ಅಭಿನಯದ ಒಂದು ಅಂಗ, ಬರಿಯ ಅಲಂಕಾರವಲ್ಲ ಎಂಬ ತತ್ತ್ವ ಈ ವಿಭಾಗದಲ್ಲಿಯೇ ಅಡಗಿದೆ. ಪಾಶ್ಚಾತ್ಯರ ಬ್ಯಾಲೆಯಲ್ಲಿ ನರ್ತಕಿ ಧರಿಸುವ ‘ಟುಟು’ ಎಂಬ ಹಲವು ಪದರಗಳ ಲಂಗವನ್ನು ವಿಮರ್ಶಿಸುವಾಗ ಈ ತತ್ತ್ವವು ನಮಗೆ ಬಹುಮಟ್ಟಿಗೆ ನೆರವಾಗುತ್ತದೆ. ಟುಟುವಿನ ಸೊಬಗನ್ನು ಎರಡು ಮಾತಿನಲ್ಲಿ ಹೊಗಳಿ, ಬಳಿಕ ನರ್ತನದ ವಿಚಾರಕ್ಕೆ ಹೊರಳುವುದು ಸಾಮಾನ್ಯವಾದ ರೂಢಿ. ಆದರೆ ನರ್ತಕಿಯ ದೇಹದಲ್ಲಿ ಯಾವುದು ಕಾಣಬೇಕು, ಯಾವುದು ಮರೆಯಾಗಬೇಕು ಎಂಬುದನ್ನು ನಿರ್ಣಯಿಸುವುದು ಈ ಲಂಗವೇ. ಆದುದರಿಂದ ಟುಟುವಿನ ರೂಪ ಬದಲಾದಾಗಲೆಲ್ಲ ನೃತ್ಯದ ಅರ್ಥವೂ ಬದಲಾಗಿದೆ ಎಂಬುದೇ ಇಲ್ಲಿ ಪ್ರತಿಪಾದಿಸಬೇಕಾದ ವಿಷಯ.

ಮೊದಲನೆಯದು ರಮ್ಯ ಪಂಥದ ಟುಟು. 1832ರಲ್ಲಿ ಪ್ಯಾರಿಸ್ಸಿನ ಆಪೆರಾದಲ್ಲಿ ‘ಲಾ ಸಿಲ್ಫೀಡ್’ ಪ್ರದರ್ಶಿತವಾದಾಗ ಮಾರೀ ತಾಲ್ಯೋನಿ ಧರಿಸಿದ ಬಿಳಿಯ, ಗಂಟೆಯಾಕಾರದ ಲಂಗ ಇದರ ಮೂಲವೆಂದು ಎಣಿಸಲಾಗಿದೆ. ಆ ವೇಷದ ಕಲ್ಪನೆಯನ್ನು ಯೂಜೀನ್ ಲಾಮಿಗೆ ಸಲ್ಲಿಸುವುದು ರೂಢಿ. ಮೊಣಕಾಲಿನಿಂದ ಕೆಳಗೆ ಇಳಿಯುವ ಈ ಲಂಗ ಪಾದಗಳನ್ನಷ್ಟೇ ತೋರಿಸಿ, ನೆಗೆತಕ್ಕೆ ಬೇಕಾದ ತೊಡೆಯ ಶ್ರಮವನ್ನು ಮುಚ್ಚಿಬಿಡುತ್ತದೆ. ಕಾರಣ ಕಾಣದು, ಕಾರ್ಯ ಮಾತ್ರ ಕಾಣುತ್ತದೆ. ನರ್ತಕಿಗೆ ಭಾರವೇ ಇಲ್ಲವೆಂಬ ಭ್ರಾಂತಿ ಹುಟ್ಟುವುದು ಇದರಿಂದಲೇ. 1841ರ ‘ಜಿಸೆಲ್’ ಬ್ಯಾಲೆಯ ಎರಡನೆಯ ಅಂಕದಲ್ಲಿ ಮೃತ ಕನ್ಯೆಯರು ಬೆಳ್ದಿಂಗಳಲ್ಲಿ ಕುಣಿಯುವಾಗ ಈ ಗುಣ ಪರಾಕಾಷ್ಠೆಗೆ ಏರುತ್ತದೆ. ನರ್ತಕ ನಾಯಿಕೆಯನ್ನು ಎತ್ತಿದಾಗ ಲಂಗದ ಪದರಗಳು ಅವನ ತೋಳುಗಳ ಮೇಲೆ ಬಿದ್ದು, ಎತ್ತಿದ ಕೈಗಳನ್ನೇ ಮರೆಸುತ್ತವೆ. ಪ್ರೇತರೂಪಿಯಾದ ನಾಯಿಕೆಗೆ ಇದಕ್ಕಿಂತ ಉಚಿತವಾದ ಆಹಾರ್ಯವನ್ನು ಊಹಿಸುವುದು ಕಷ್ಟ.

ಆದರೆ ಈ ಹಗುರತನಕ್ಕೆ ತೆತ್ತ ಬೆಲೆಯನ್ನು ವಿಮರ್ಶಕನು ಮರೆಯಲಾಗದು. ಅಂದಿನ ರಂಗಭೂಮಿಗೆ ಅನಿಲದೀಪಗಳ ಬೆಳಕು. ಲಂಗವಾದರೋ ಸುಲಭವಾಗಿ ಹೊತ್ತಿಕೊಳ್ಳುವ ತೆಳು ಬಟ್ಟೆ. ಬಟ್ಟೆಗೆ ಬೆಂಕಿ ಹಿಡಿಯದಂತೆ ರಾಸಾಯನಿಕ ಲೇಪ ಕೊಡಬೇಕೆಂದು 1859ರಲ್ಲಿ ಫ್ರಾನ್ಸಿನಲ್ಲಿ ರಾಜಾಜ್ಞೆ ಹೊರಟಿತು. ಲೇಪಗೊಂಡ ಬಟ್ಟೆ ಬಿರುಸಾಗಿ ಮಾಸಲು ಬಣ್ಣಕ್ಕೆ ತಿರುಗುತ್ತಿದ್ದುದರಿಂದ ತಾಲ್ಯೋನಿಯ ಶಿಷ್ಯೆ ಎಮ್ಮಾ ಲಿವ್ರಿ ಅದನ್ನು ಒಪ್ಪಲಿಲ್ಲ. 1862ರ ನವೆಂಬರಿನಲ್ಲಿ ಅಭ್ಯಾಸ ನಡೆಯುತ್ತಿದ್ದಾಗ ಆಕೆಯ ಲಂಗಕ್ಕೆ ದೀಪದ ಬೆಂಕಿ ತಗುಲಿತು. ತಿಂಗಳುಗಟ್ಟಲೆ ನರಳಿ 1863ರ ಜುಲೈಯಲ್ಲಿ ಆಕೆ ತೀರಿಕೊಂಡಳು. ಆಗ ಆಕೆಗಿನ್ನೂ 20ರ ಹರೆಯ. ಲಿವ್ರಿಯದು ಬರಿಯ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಬಟ್ಟೆ ಬಿರುಸಾದರೆ ತನ್ನ ನೃತ್ಯವೇ ಬೇರೆಯಾಗುವುದೆಂದು ಆಕೆ ತಿಳಿದಿದ್ದಳು. ಪ್ರೇಕ್ಷಕರು ಬಯಸಿದ್ದೂ ಆ ಹಗುರತನವನ್ನೇ. ಆ ಸಾವಿನ ಹೊಣೆಯಲ್ಲಿ ರಸಿಕರಿಗೂ ಒಂದು ಪಾಲುಂಟು.

ಎರಡನೆಯದು ಶಾಸ್ತ್ರೀಯ ಟುಟು. 19ನೆಯ ಶತಮಾನದ ಕೊನೆಯಲ್ಲಿ ಇಟಲಿಯ ನರ್ತಕಿಯರ ಕಾಲ್ಚಳಕ ಹೆಚ್ಚಿದಂತೆ ಲಂಗ ಮೇಲಕ್ಕೇರಿತು. 1895ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಪೆಟಿಪಾ ಮತ್ತು ಇವಾನೊವ್ ಸಂಯೋಜಿಸಿದ ‘ಹಂಸ ಸರೋವರ’ದಲ್ಲಿ ಪಿಯೆರೀನಾ ಲೆನ್ಯಾನಿ ಒಂದೇ ಕಾಲಿನ ಮೇಲೆ 32 ಸುತ್ತು ತಿರುಗಿದಳು. ಇಂಥ ಸಾಧನೆಯಲ್ಲಿ ಶ್ರಮ ಕಾಣಲೇಬೇಕು. ಮೊಣಕಾಲು ಮರೆಯಾದರೆ ಸುತ್ತಿನ ನಿಖರತೆ ಯಾರಿಗೂ ತಿಳಿಯದು. ಲಂಗ ಗಿಡ್ಡವಾದುದರಲ್ಲಿ ಪುರುಷ ಪ್ರೇಕ್ಷಕರ ಕುತೂಹಲವೂ ಸೇರಿದ್ದಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದೊಂದೇ ಕಾರಣವೆನ್ನುವುದು ನರ್ತಕಿಯರ ವಿದ್ಯೆಗೆ ಮಾಡುವ ಅನ್ಯಾಯ. ಸೊಂಟದಿಂದ ತಟ್ಟೆಯಂತೆ ಚಾಚಿ ನಿಲ್ಲುವ ಚಪ್ಪಟೆ ಟುಟು ಲೆನ್ಯಾನಿಯ ಕಾಲದ್ದಲ್ಲ, 20ನೆಯ ಶತಮಾನದ್ದು. ಬಲೆಬಟ್ಟೆಯ ಪದರಗಳ ನಡುವೆ ಉಕ್ಕಿನ ಬಳೆಯನ್ನು ಸೇರಿಸಿ ಅದನ್ನು ನಿಲ್ಲಿಸುವರು. ಅದು ಇಡೀ ಕಾಲನ್ನು ಒಂದು ರೇಖೆಯಾಗಿ ತೋರಿಸುತ್ತದೆ. ಜೊತೆಗೆ ನರ್ತಕನನ್ನು ದೂರವಿರಿಸುತ್ತದೆ. ಪ್ರೇಮದ ಯುಗಳ ನೃತ್ಯದಲ್ಲಿಯೂ ಅವನು ಆ ತಟ್ಟೆಯ ಅಂಚಿನಾಚೆ ನಿಂತು ಕೈಚಾಚಬೇಕು. ಹಂಸವಾದ ರಾಜಕುಮಾರಿ ಮನುಷ್ಯನಿಗೆ ಪೂರ್ಣವಾಗಿ ದಕ್ಕಲಾರಳೆಂಬ ಕಥೆಗೆ ಈ ಅಂತರ ತಾನಾಗಿಯೇ ಒದಗಿಬರುತ್ತದೆ.

ಮೂರನೆಯದು, ಬಾರ್ಬರಾ ಕರಿನ್ಸ್ಕಾ ಜಾರ್ಜ್ ಬ್ಯಾಲಂಚಿನ್‌ನ ‘ಸಿಂಫನಿ ಇನ್ ಸಿ’ ಬ್ಯಾಲೆಗಾಗಿ 1950ರಲ್ಲಿ ನ್ಯೂಯಾರ್ಕಿನಲ್ಲಿ ರೂಪಿಸಿದ ‘ಪೌಡರ್ ಪಫ್’ ಟುಟು. ಅದರ ಕೊನೆಯ ಭಾಗದಲ್ಲಿ ಸುಮಾರು 50 ಮಂದಿ ಒಟ್ಟಿಗೆ ರಂಗದ ಮೇಲೆ ಕುಣಿಯುವರು. ಬಳೆಯಿರುವ ಲಂಗಗಳು ಒಂದಕ್ಕೊಂದು ತಾಗಿದರೆ ಒಂದು ಕಡೆ ತಗ್ಗಿ ಇನ್ನೊಂದು ಕಡೆ ಎದ್ದು ಸಾಲಿನ ಅಂದ ಕೆಡುವುದು. ಕರಿನ್ಸ್ಕಾ ಬಳೆಯನ್ನೇ ತೆಗೆದುಹಾಕಿ, ಗಿಡ್ಡವಾದ ಕೆಲವೇ ಪದರಗಳನ್ನು ಸಡಿಲವಾಗಿ ಹೊಲಿದು, ಲಂಗವು ಮೆಲ್ಲನೆ ಇಳಿಬೀಳುವಂತೆ ಮಾಡಿದಳು. ಕುಪ್ಪಸದ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ನರ್ತಕಿಯ ಉಸಿರಾಟಕ್ಕೂ ಎಡೆಮಾಡಿದಳು. ಕಥೆಯಿಲ್ಲದ, ವೇಗವೇ ಪ್ರಧಾನವಾದ ನೃತ್ಯಕ್ಕೆ ಇದು ತಕ್ಕ ಉಡುಪು. ಸುಂದರವಾದುದನ್ನು ಕಲ್ಪಿಸುವಾಗ ಧರಿಸುವವಳ ದೇಹವನ್ನು ಮೊದಲು ನೆನೆದುದು ಕರಿನ್ಸ್ಕಾಳ ಹಿರಿಮೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ಕಥೆ ಈಜಿಪ್ಟಿನದಾಗಲಿ ಗ್ರೀಸಿನದಾಗಲಿ ನಾಯಿಕೆಗೆ ಅದೇ ಟುಟುವನ್ನು ತೊಡಿಸುವುದು ಅನುಚಿತವೆಂದು ಮಿಖಾಯಿಲ್ ಫೋಕಿನ್ 20ನೆಯ ಶತಮಾನದ ಆರಂಭದಲ್ಲಿಯೇ ವಾದಿಸಿದನು. ಆ ವಾದ ನ್ಯಾಯವಾದುದೇ. ಆದರೆ ಅದೇ ಫೋಕಿನ್ 1909ರಲ್ಲಿ ಪ್ಯಾರಿಸ್ಸಿನಲ್ಲಿ ‘ಲೆ ಸಿಲ್ಫೀಡ್’ ಪ್ರದರ್ಶಿಸುವಾಗ ತಾಲ್ಯೋನಿಯ ಉದ್ದ ಲಂಗವನ್ನು ಮರಳಿ ತಂದನು. ಆನಾ ಪಾವ್ಲೊವಾಳಿಗಾಗಿ ಸಂಯೋಜಿಸಿದ ಸಾಯುವ ಹಂಸದ ನೃತ್ಯದಲ್ಲಿಯೂ ಟುಟುವನ್ನು ಉಳಿಸಿಕೊಂಡನು. ಅವನು ವಿರೋಧಿಸಿದುದು ಟುಟುವನ್ನಲ್ಲ, ವಿಚಾರವಿಲ್ಲದ ರೂಢಿಯನ್ನು. ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದುದು ಇದನ್ನೇ.

ಆದುದರಿಂದ ಈ ಮೂರು ರೂಪಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆ ನಿರರ್ಥಕ. ಚಿತ್ರಸುರುಳಿಯಲ್ಲಾದರೂ ಬ್ಯಾಲೆಯನ್ನು ನೋಡುವ ವಿದ್ಯಾರ್ಥಿಗಳು ಈ ಲಂಗ ಏನನ್ನು ತೋರಿಸುತ್ತದೆ, ಏನನ್ನು ಮರೆಸುತ್ತದೆ, ಅದನ್ನು ಧರಿಸಿದವಳಿಗೆ ಎಷ್ಟು ಭಾರವಾಗುತ್ತದೆ ಎಂಬ ಮೂರನ್ನು ಕೇಳಿಕೊಳ್ಳಬೇಕು. ಮೂರನೆಯ ಪ್ರಶ್ನೆಯನ್ನು ಕೈಬಿಟ್ಟ ಸೌಂದರ್ಯ ವಿಮರ್ಶೆ ಅಪೂರ್ಣವೆಂಬುದಕ್ಕೆ ಲಿವ್ರಿಯ ದುರಂತವೇ ಸಾಕ್ಷಿ.