ಪಾಕೀಟಿನ ಮ್ಯಾಲಿನ ಹತ್ತಿ

ಅಣ್ಣಿಗೇರಿ, ನವಲಗುಂದದ ಕಿರಾಣಿ ಅಂಗಡಿಗಳಲ್ಲಿ ಶಾಂಪೂ ಸರ, ಕಾಫಿಪುಡಿ ಸರದ ಪಕ್ಕ ಈಗ ಡೈಪರ್ ಕೂಡ ತೂಗಾಡ್ತಾವ. ಒಂದೊಂದೇ ಹರಿದು ಕೊಡುವ ಪಾಕೀಟು. ಮೇಲೆ ನಗುವ ಕೂಸು. ಕೆಲವು ಪಾಕೀಟುಗಳಲ್ಲಿ ಕೂಸಿನ ಪಕ್ಕ ಬೆಳ್ಳಗೆ ಒಡೆದ ಹತ್ತಿಯ ಚಿತ್ರ, ಅಥವಾ ‘ಕಾಟನ್’ ಅಂತ ಶುರುವಾಗುವ ಒಂದು ಹೊಗಳಿಕೆ. ಊರು ದಾಟಿದರೆ ಎರಿ ಹೊಲ, ಅಲ್ಲಿ ನಿಜವಾದ ಹತ್ತಿ. ಅದೂ ಅಂತಿಂಥ ಹತ್ತಿ ಸೀಮೆಯಲ್ಲ. 1972ರಲ್ಲಿ ಡಾ. ಬಿ.ಎಚ್. ಕಟರಕಿಯವರು ‘ವರಲಕ್ಷ್ಮಿ’ ಎಂಬ ಹೈಬ್ರಿಡ್ ಹತ್ತಿ ತಳಿ ತಂದದ್ದು ಇದೇ ಧಾರವಾಡದಿಂದ. ಇಂಥ ಸೀಮೆಯ ಕೂಸಿಗೆ ಚಿತ್ರದ ಹತ್ತಿ ಯಾಕೆ ಬೇಕಾಯ್ತು ಅನ್ನೋದು ನನ್ನ ತಕರಾರಿನ ಒಂದು ತುದಿ.

ಒಂದು ಡೈಪರ್ ತಗೊಂಡು ಕತ್ತರಿಯಿಂದ ಹರಿದು ನೋಡ್ರಿ. ಮೈಗೆ ತಾಗುವ ಮೆತ್ತನೆ ಹಾಳೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ ಎಳೆ. ಹೊರಗಿನ ಪದರ ಪಾಲಿಎಥಿಲೀನ್, ಅದೂ ಪ್ಲಾಸ್ಟಿಕ್ಕೇ. ನಡುವೆ ಅರಳೆಯಂತೆ ಕಾಣುವುದು ಅರಳೆಯಲ್ಲ, ಮರದ ತಿರುಳು. ಜಗತ್ತಿನ ಡೈಪರುಗಳಿಗೆ ಈ ತಿರುಳು ಬಹುಪಾಲು ಬರುವುದು ಅಮೆರಿಕದ ದಕ್ಷಿಣ ರಾಜ್ಯಗಳ ಪೈನ್ ಮರಗಳಿಂದ. ಆ ತಿರುಳಿನ ನಡುವೆ ಸಕ್ಕರಿ ಹರಳಿನಂಥ ಪುಡಿ ಉದುರುತ್ತದಲ್ಲ, ಅದು ಸೋಡಿಯಂ ಪಾಲಿಅಕ್ರಿಲೇಟ್. ನಿಜವಾದ ಕೆಲಸಗಾರ ಅವನೇ. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತಾನೆ. ಮೂತ್ರದಲ್ಲಿ ಉಪ್ಪು ಇರುವುದರಿಂದ ಅದು ಸುಮಾರು 30 ಪಟ್ಟಿಗೆ ಇಳಿಯುತ್ತದೆ. ಅಷ್ಟಾದರೂ ದೊಡ್ಡ ಸಾಧನೆಯೇ, ಇಂಜಿನಿಯರಾಗಿ ನನಗೆ ಅದರ ಮೇಲೆ ಗೌರವವಿದೆ. ಜಾಹೀರಾತಿನಲ್ಲಿ ಮಾತ್ರ ಅವನ ಹೆಸರಿಲ್ಲ, ಹೊಲದ ಹತ್ತಿಯ ಹೆಸರಿದೆ.

ಇನ್ನು ಆ ಹಳದಿ ಗೆರೆ. ಒದ್ದೆಯಾದ ಕೂಡಲೇ ನೀಲಿಯಾಗುತ್ತದೆ. ಹೊಸ ಅಪ್ಪ-ಅಮ್ಮಂದಿರಿಗೆ ಅದು ಡ್ಯಾಶ್‌ಬೋರ್ಡಿನ ಕೆಂಪು ದೀಪ ಇದ್ದಂತೆ, ಕಂಡ ಕೂಡಲೇ ಕೈ ಹೊಸ ಡೈಪರಿಗೆ ಹೋಗುತ್ತದೆ. ಆದರೆ ಗೆರೆ ಹೇಳುವುದು ಒದ್ದೆಯಾಗಿದೆ ಅಂತ ಅಷ್ಟೇ, ತುಂಬಿದೆ ಅಂತಲ್ಲ. ಮೊದಲ ಸಲದ ಉಚ್ಚೆಗೇ ಬಣ್ಣ ಬದಲಾಗುವ ಅಲರ್ಟನ್ನು ನಮ್ಮ ಆಫೀಸಿನಲ್ಲಿ ಯಾರಾದರೂ ಬರೆದಿದ್ದರೆ ರಿವ್ಯೂದಲ್ಲೇ ವಾಪಸ್ ಬರುತ್ತಿತ್ತು. ಇಲ್ಲಿ ಅದು ಫೀಚರ್. ಅದರ ಪಕ್ಕದಲ್ಲೇ ‘12 ಗಂಟೆ’ ಅಂತ ಬರೆದಿರುತ್ತಾರೆ. ಒಂದೇ ಪಾಕೀಟಿನ ಮೇಲಿನ ಈ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ. ಆ 12 ಗಂಟೆ ಲೆಕ್ಕ ಉಚ್ಚೆಗೆ ಮಾತ್ರ. ಕೂಸು ಕಕ್ಕ ಮಾಡಿದರೆ 12 ನಿಮಿಷವೂ ಬಿಡಬಾರದು, ಹಾಗೇ ಬಿಟ್ಟರೆ ಎಳೆ ಚರ್ಮ ಕೆಂಪಾಗಬಹುದು.

ಬೆಲೆಗೆ ಬರೋಣ. ಒಂದು ಉದಾಹರಣೆ ಹಿಡೀರಿ: 72 ಚಡ್ಡಿಯ ದೊಡ್ಡ ಪಾಕೀಟು, ಎಂಆರ್‌ಪಿ 1,440 ರೂಪಾಯಿ. ಒಂದಕ್ಕೆ 20. ಆ್ಯಪ್‌ನಲ್ಲಿ ಶೇ 40 ಕಡಿಮೆ ಮಾಡಿ 864ಕ್ಕೆ ಕೊಡುತ್ತಾರೆ, ಅಂದರೆ ಒಂದಕ್ಕೆ 12. ಪಾಕೀಟಿನ ಮೇಲೆ ಒಂದು ನಗದ ಬೆಲೆ ಮುದ್ರಿಸಬೇಕು ಎಂಬ ನಿಯಮ 2021ರ ತಿದ್ದುಪಡಿಯಿಂದ ಬಂದಿದೆ, ಒಳ್ಳೆಯದೇ. ಆದರೆ ಮುದ್ರಣವಾಗುವುದು ಎಂಆರ್‌ಪಿ ಭಾಗಿಸಿದ 20. ಆ ಬೆಲೆಗೆ ಆ್ಯಪ್‌ನಲ್ಲಿ ಯಾರೂ ಮಾರುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಹೀಗಾಗಿ ಎರಡು ಬ್ರ್ಯಾಂಡ್ ಹೋಲಿಸಬೇಕಾದರೆ ಮೊಬೈಲ್ ಕ್ಯಾಲ್ಕುಲೇಟರೇ ಗತಿ. ಇದರ ಜೊತೆ ಸೈಜಿನ ಆಟ ಬೇರೆ. ಕೂಸು ಸ್ಮಾಲ್‌ನಿಂದ ಮೀಡಿಯಂಗೆ ಹೋದಾಗ ಪಾಕೀಟಿನ ಬೆಲೆ ಹೆಚ್ಚುಕಡಿಮೆ ಅಷ್ಟೇ, ಒಳಗಿನ ಚಡ್ಡಿಗಳ ಲೆಕ್ಕ ಮಾತ್ರ ಇಳಿದಿರುತ್ತದೆ. ನ್ಯೂಬಾರ್ನ್ ಸೈಜು 5 ಕಿಲೋವರೆಗೆ ಅಷ್ಟೇ. ಸೀಮಂತದ ಹೊತ್ತಿಗೇ ಆಫರ್ ಅಂತ ಮೂರು ಪಾಕೀಟು ತಂದಿಡುವವರು ಆ ಕೂಸು ಎರಡು-ಮೂರು ತಿಂಗಳಲ್ಲಿ ಅದನ್ನು ದಾಟಿಬಿಡುತ್ತದೆ ಅನ್ನೋದನ್ನು ನೆನಪಿಡಬೇಕು. 2025ರ ಸೆಪ್ಟೆಂಬರ್ 22ರಿಂದ ಕೂಸಿನ ಡೈಪರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಒಳ್ಳೆಯದು, ಆದರೆ ಎಂಆರ್‌ಪಿಯೇ ಕಾಲ್ಪನಿಕವಾಗಿದ್ದಾಗ ಇಳಿದದ್ದು ಯಾರ ಕೈ ಸೇರಿತು ಅಂತ ಅಂಗಡಿಯಲ್ಲಿ ನಿಂತವರಿಗೆ ಕಾಣುವುದಿಲ್ಲ.

ಬೆಂಗಳೂರಿನಲ್ಲಿ ‘ಅಫೋರ್ಡಬಲ್’ ಅಂದರೆ ಈ 12ನ್ನು 10 ಮಾಡಿಕೊಳ್ಳುವುದು. ಕೂಪನ್, ಬ್ಯಾಂಕ್ ಕಾರ್ಡು, ಸಬ್‌ಸ್ಕ್ರಿಪ್ಷನ್. ಊರ ಅಂಗಡಿಯಲ್ಲಿ ಆ ಪದಕ್ಕೆ ಬೇರೆ ಅರ್ಥ. ಅಲ್ಲಿ ನಡೆಯುವ ಮಾತು ಹೀಗಿರುತ್ತದೆ:

“ಕಾಕಾ, ಒಂದು ಪ್ಯಾಂಪರ್ಸ್ ಕೊಡ್ರಿ.”

“ಎಷ್ಟು ತಿಂಗಳ ಕೂಸವ್ವಾ?”

“ಎಂಟು ತುಂಬ್ಯಾವ್ರಿ. ನಾಳಿ ಹುಬ್ಬಳ್ಳಿ ದವಾಖಾನಿಗೆ ಹೋಗೂದೈತಿ, ಬಸ್ಸಿನ್ಯಾಗ ಪಂಚಾಯ್ತಿ ಬ್ಯಾಡಂತ.”

ಕಾಕಾ ಕೊಡುವುದು ಪ್ಯಾಂಪರ್ಸೇ ಆಗಿರಬೇಕಿಲ್ಲ. 1961ರಲ್ಲಿ ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಮಾರುಕಟ್ಟೆಗೆ ಬಿಟ್ಟ ಹೆಸರು ನಮ್ಮಲ್ಲಿ ಝೆರಾಕ್ಸ್ ತರಹ ಜಾತಿವಾಚಕವಾಗಿದೆ. ಡೈಪರಿನ ಸೈಜು ಇರುವುದು ಕಿಲೋ ಲೆಕ್ಕದಲ್ಲಿ, ಕಾಕಾ ಕೇಳುವುದು ತಿಂಗಳ ಲೆಕ್ಕ. ಸಣಕಲು ಕೂಸಾದರೆ ತೊಡೆ ಸಂದಿಯಿಂದ ಸೋರಿ ಬಸ್ಸಿನಲ್ಲಿ ಪಂಚಾಯ್ತಿ ಆಗೇ ಆಗುತ್ತದೆ. ಮುಖ್ಯ ವಿಷಯ, ಅವಳು ಕೊಳ್ಳುತ್ತಿರುವುದು ಒಂದು ಪ್ರಯಾಣಕ್ಕೆ ಒಂದು. ದಿನಕ್ಕೆ ಆರು ಡೈಪರ್ ಅಂತ ಹಿಡಿದರೆ, ಆ್ಯಪ್‌ನ 12 ರೂಪಾಯಿಯಲ್ಲೇ ತಿಂಗಳಿಗೆ 2,160 ಆಗುತ್ತದೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370. ಹತ್ತಿರ ಹತ್ತಿರ ಆರು ದಿನದ ದುಡಿಮೆ ಉಚ್ಚೆಗೆ ಹೋಯ್ತು. ರಾತ್ರಿಗೊಂದು, ಹೊರಗೆ ಹೋದರೆ ಒಂದು ಅಂತ ಎರಡಕ್ಕೆ ನಿಲ್ಲಿಸಿದರೆ 720. ನನ್ನ ಎಕ್ಸೆಲ್ ಶೀಟಿನಲ್ಲಿ ಬ್ರ್ಯಾಂಡ್ ಬದಲಿಸಿದಾಗಿನ ಉಳಿತಾಯ ಈ ಒಂದು ಬದಲಾವಣೆಯ ಮುಂದೆ ಏನೂ ಅಲ್ಲ. ಯಾವುದು ಅಗ್ಗ ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು, ದಿನಕ್ಕೆ ಎಷ್ಟು ಹಾಕ್ತೀರಿ ಅಂತ.

ಇಲ್ಲಿಗೆ ಬಂದಾಗ ಅಪಾರ್ಟ್‌ಮೆಂಟಿನ ಒಂದು ಗುಂಪು ಎದ್ದು ನಿಲ್ಲುತ್ತದೆ: “ಅದಕ್ಕೇ ಹೇಳೋದು, ನಮ್ಮ ಅಜ್ಜಿ ಕಾಲದ ಬಟ್ಟೆಯೇ ಒಳ್ಳೇದು.” ಈ ಮಾತಿನ ಬಗ್ಗೆ ನನಗೆ ಡೈಪರ್ ಕಂಪನಿಗಿಂತ ಹೆಚ್ಚು ಸಿಟ್ಟು. ಹಳೆ ಧೋತರ, ಮೆತ್ತಗಾದ ಸೀರೆ, ಅದರ ಅರಿವಿ ಕೂಸಿನ ಮೈಗೆ ಹಿತ ಅನ್ನೋದು ನಿಜ. ಅದರ ಖರ್ಚು ಸೊನ್ನೆ ಅನ್ನೋದು ಸುಳ್ಳು. ಎಳೆಗೂಸು ದಿನಕ್ಕೆ ಹತ್ತು-ಹನ್ನೆರಡು ಅರಿವಿ ಕೆಡಿಸುತ್ತದೆ. ಒಗೆದವರು ಯಾರು? ಅಜ್ಜ ಒಗೆದದ್ದನ್ನು ನಾನಂತೂ ಕಂಡಿಲ್ಲ. ಆಯಿ ಒಗೆದಳು, ಅವ್ವ ಒಗೆದಳು, ಅವರ ಕೂಲಿಯನ್ನು ಯಾರೂ ಲೆಕ್ಕ ಬರೆದಿಡಲಿಲ್ಲ. ‘ಸಂಪ್ರದಾಯ’ ಅಂತ ನಾವು ಹೊಗಳುವುದರಲ್ಲಿ ಅರ್ಧ ಈ ಬರೆಯದ ಲೆಕ್ಕವೇ.

ಎರಡನೆಯದು ನೀರು. ನಮ್ಮೂರು ನವಲಗುಂದ ತಾಲ್ಲೂಕು, ಹೆಂಡತಿಯ ತವರು ಕಲಘಟಗಿ ಕಡೆ. ಒಂದೇ ಜಿಲ್ಲೆ, ಅರಿವಿ ಒಣಗಿಸುವ ವಿಷಯದಲ್ಲಿ ಎರಡು ದೇಶ. ನವಲಗುಂದದಲ್ಲಿ ಬಿಸಿಲಿಗೆ ಬರವಿಲ್ಲ, ಹನ್ನೊಂದು ಗಂಟೆಗೆ ಹಾಕಿದ ಅರಿವಿ ಹನ್ನೆರಡಕ್ಕೆ ಗರಿಗರಿ. ಆದರೆ ನೀರು? 1980ರ ಜುಲೈ 21ರಂದು ನವಲಗುಂದ-ನರಗುಂದದಲ್ಲಿ ರೈತರ ಮೇಲೆ ಗೋಲಿಬಾರಾದದ್ದು ಮಲಪ್ರಭಾ ನೀರಾವರಿ ಕರದ ಜಗಳದಲ್ಲಿ. ಕಳಸಾ-ಬಂಡೂರಿಗಾಗಿ ವರ್ಷಗಟ್ಟಲೆ ಧರಣಿ ಕೂತದ್ದೂ ಇದೇ ಸೀಮೆ. ಎರಿ ಭೂಮಿಯ ಹಲವು ಊರುಗಳಲ್ಲಿ ಬೋರು ತೆಗೆದರೆ ಸವಳು ನೀರು. ಸೋಪು ನೊರೆಯೇ ಬರುವುದಿಲ್ಲ. ಅದರಲ್ಲಿ ಒಗೆದ ಅರಿವಿ ಒಣಗಿದ ಮೇಲೆ ಹಪ್ಪಳದಂತೆ ಬಿರುಸು. ಕೆರೆ ನೀರು ಕುಡಿಯಲು ಎತ್ತಿಟ್ಟು, ನಳ ಎಂದು ಬರುತ್ತದೋ ಎಂದು ಕಾಯುವ ಮನೆಯಲ್ಲಿ ಹನ್ನೆರಡು ಅರಿವಿ ಒಗೆಯಿರಿ ಅನ್ನುವುದು ಬೆಂಗಳೂರಲ್ಲಿ ಕೂತು ಹೇಳಲು ಸುಲಭ.

ಕಲಘಟಗಿಯ ಕಥೆ ತಿರುಗಾಮುರುಗಾ. ಅದು ಮಲೆನಾಡಿನ ಅಂಚು. ಬಣ್ಣದ ತೊಟ್ಟಿಲಿಗೆ ಹೆಸರಾದ ಊರು, ಈ ಭಾಗದಲ್ಲಿ ಕೂಸು ಹುಟ್ಟಿದ ಮನೆಯವರೆಲ್ಲ ಕಲಘಟಗಿ ತೊಟ್ಟಿಲಿನ ಹೆಸರು ಹೇಳುತ್ತಾರೆ. ಅಲ್ಲಿ ನೀರಿಗೆ ಅಷ್ಟು ತ್ರಾಸಿಲ್ಲ. ಆದರೆ ಆಷಾಢ-ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಅರಿವಿ ಮೂರು ದಿನವಾದರೂ ಒಣಗದು. ಬಾಣಂತಿ ಕೋಣೆಯಲ್ಲಿ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಅರಿವಿ ಹರಡಿ ಒಣಗಿಸುತ್ತಿದ್ದರು. ಹೊಗೆ ವಾಸನೆಯ ಅರಿವಿ, ಕೆಮ್ಮುವ ಬಾಣಂತಿ. ಆ ಎರಡು ತಿಂಗಳು ರಾತ್ರಿಗೊಂದು ಡೈಪರ್ ಹಾಕಿದ ಅಜ್ಜಿಯನ್ನು ‘ಆಧುನಿಕತೆಗೆ ಸೋತವಳು’ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ಅತ್ತೆಯವರೇ ಹೇಳಿದ್ದು ಇದು: “ಮೊದಲ ಇದ್ದಿದ್ರ ನಾನೂ ಹಾಕತಿದ್ನೆಪಾ, ಬೆನ್ನರ ಉಳೀತಿತ್ತು.”

ಪರಿಸರದ ವಾದವೂ ಇಷ್ಟೇ ಸಿಕ್ಕುಸಿಕ್ಕು. ಇಂಗ್ಲೆಂಡಿನ ಪರಿಸರ ಏಜೆನ್ಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕೂಸಿನ ಎರಡೂವರೆ ವರ್ಷಕ್ಕೆ ಬಿಸಾಡುವ ಡೈಪರಿನ ಇಂಗಾಲ ಸುಮಾರು 550 ಕಿಲೋ, ಒಗೆಯುವ ಬಟ್ಟೆಯದು ಸುಮಾರು 570. ಬಟ್ಟೆಯನ್ನು ಮಷಿನ್ನಿನಲ್ಲಿ ಒಣಗಿಸದೆ ಹಗ್ಗದ ಮೇಲೆ ಒಣಹಾಕಿ, ಎರಡನೇ ಕೂಸಿಗೂ ಬಳಸಿದರೆ ಮಾತ್ರ ಬಟ್ಟೆಯದು ಸ್ಪಷ್ಟವಾಗಿ ಕಡಿಮೆಯಾಗುತ್ತದೆ. ಅಂದರೆ ನವಲಗುಂದದ ಬಿಸಿಲು ಬಟ್ಟೆಯ ಪರ ಸಾಕ್ಷಿ ಹೇಳುತ್ತದೆ, ನಿಮ್ಮ ಫ್ಲ್ಯಾಟಿನ ಡ್ರೈಯರ್ ಹೇಳುವುದಿಲ್ಲ. ಈಗ ಬರುವ ಬಟನ್ ಹಾಕಿದ, ಒಳಗೆ ಪ್ಯಾಡ್ ತೂರಿಸುವ ಬಟ್ಟೆ ಡೈಪರುಗಳ ಹೊರಪದರವೂ ಪಾಲಿಯುರೆಥೇನ್ ಮೆತ್ತಿದ ಬಟ್ಟೆಯೇ, ಅದು ಅಜ್ಜಿ ಕಾಲದ್ದೇನಲ್ಲ. ಚೆನ್ನಾಗಿಯೇ ಇದೆ. ಹಗಲು ಮನೆಯಲ್ಲಿ ಮಗಳಿಗೆ ನಾವು ಹಾಕಿದ್ದು ಅದನ್ನೇ, ಒಗೆಯುವ ಪಾಳಿ ನನ್ನದಿತ್ತು. ಒಂದು ಬಟ್ಟೆ ಡೈಪರಿನ ದುಡ್ಡಿಗೆ ಮೂವತ್ತು-ನಲವತ್ತು ಬಿಸಾಡುವ ಡೈಪರ್ ಬರುತ್ತವೆ. ಹಾಗಾಗಿ ಒಂದೇ ಸಲ ಹತ್ತು ಕೊಳ್ಳುವ ದುಡ್ಡು ಕೈಯಲ್ಲಿದ್ದವರಿಗೆ ಅದು ಅಗ್ಗ. ಅವತ್ತಿನ ಕೂಲಿ ಅವತ್ತು ಬರುವವರಿಗೆ ತುಟ್ಟಿ.

ವೈಪ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೆ ಅಷ್ಟು ಯೋಗ್ಯತೆ ಇಲ್ಲ. ಪಾಕೀಟಿನ ಮೇಲೆ ಅವರೇ ಹೆಮ್ಮೆಯಿಂದ ಶೇ 98, 99 ನೀರು ಅಂತ ಬರೆಯುತ್ತಾರೆ. ನೀರಿಗಾಗಿ ಧರಣಿ ಕೂತ ತಾಲ್ಲೂಕಿಗೆ ಹಾಳೆಯಲ್ಲಿ ನೆನೆಸಿದ ನೀರು ಮಾರುವ ಧೈರ್ಯ ಮೆಚ್ಚಬೇಕಾದದ್ದೇ. ಒದ್ದೆ ಹಾಳೆ ತಿಂಗಳುಗಟ್ಟಲೆ ಬೂಸ್ಟು ಹಿಡಿಯದೆ ಇರಬೇಕಾದರೆ ಕೆಡದಂತೆ ಕಾಯುವ ರಾಸಾಯನಿಕ ಬೇಕೇ ಬೇಕು. ಅಂಥದ್ದರಲ್ಲಿ ಮಿಥೈಲ್‌ಐಸೊಥಯಾಜೊಲಿನೋನ್ ಎಂಬುದು ಚರ್ಮದ ಅಲರ್ಜಿ ತರುತ್ತದೆಂದು ಯುರೋಪ್ ಒಕ್ಕೂಟ 2017ರಿಂದ ತೊಳೆಯದೆ ಮೈಮೇಲೆ ಬಿಡುವ ಉತ್ಪನ್ನಗಳಲ್ಲಿ ನಿಷೇಧಿಸಿದೆ. ಕೊಳ್ಳುವಾಗ ಆ ಹೆಸರೊಂದನ್ನು ಹಿಂಬದಿಯ ಸಣ್ಣ ಅಕ್ಷರದಲ್ಲಿ ಹುಡುಕಿರಿ, ಜೊತೆಗೆ ಪರಿಮಳ ಇಲ್ಲದ್ದನ್ನೇ ಆರಿಸಿರಿ. ಬಸ್ಸು, ರೈಲು, ಮದುವೆ ಮನೆಗೆ ಒಂದು ಪಾಕೀಟು ಇರಲಿ. ಮನೆಯಲ್ಲಿ ಉಗುರುಬೆಚ್ಚಗಿನ ಒಂದು ತಂಬಿಗೆ ನೀರು, ಹಳೆ ಪಂಚೆಯ ತುಂಡು ಸಾಕು. ತೆಂಗಿನ ಅಥವಾ ಶೇಂಗಾ ಎಣ್ಣೆಯಲ್ಲಿ ಅದ್ದಿದ ಅರಳೆ ಒಣಗಿದ ಕಕ್ಕವನ್ನು ಯಾವ ವೈಪ್ಸ್‌ಗಿಂತಲೂ ಚಲೋ ತೆಗೆಯುತ್ತದೆ. ಇಲ್ಲಾದರೂ ನಿಜವಾದ ಹತ್ತಿ ಕೆಲಸಕ್ಕೆ ಬಂತಲ್ಲ.

ಪಾಕೀಟಿನ ಮೇಲೆ ಇರದ ಬೆಲೆ ಇನ್ನೊಂದಿದೆ, ಬಿಸಾಡುವ ಬೆಲೆ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಒಂದು ಸಾಲಿತ್ತು: ಡೈಪರ್ ಮಾರುವವರು ಮರುಬಳಕೆಯಾಗುವ ವಸ್ತು ಬಳಸಲು ದಾರಿ ಹುಡುಕಬೇಕು, ಇಲ್ಲವೇ ಪ್ರತಿ ಡೈಪರನ್ನು ಸುತ್ತಿ ಎಸೆಯಲು ಒಂದು ಚೀಲ ಪಾಕೀಟಿನ ಜೊತೆಗೇ ಕೊಡಬೇಕು. ನಾನು ಕೊಂಡ ಪಾಕೀಟುಗಳಲ್ಲಿ ಆ ಚೀಲ ಇರಲಿಲ್ಲ. ಬಿಡಿಯಾಗಿ ಮಾರುವ ಸರದಲ್ಲಂತೂ ಕೇಳುವುದೇ ಬೇಡ. ಬೆಂಗಳೂರಿನಲ್ಲಿ 2015ರ ಹೈಕೋರ್ಟ್ ಆದೇಶದ ನಂತರ ಎರಡು ಡಬ್ಬಿ, ಒಂದು ಚೀಲದ ಪದ್ಧತಿ ಬಂತು. ಡೈಪರಿಗೆ ಕೆಂಪು ಡಬ್ಬಿ ಇದೆ, ಪೇಪರಿನಲ್ಲಿ ಸುತ್ತಿ ಹಾಕಿದರೆ ನಿಮ್ಮ ಜವಾಬ್ದಾರಿ ಮುಗಿಯಿತು ಅಂತ ಅನಿಸುತ್ತದೆ. ಹಳ್ಳಿಯಲ್ಲಿ ಡೈಪರ್ ಹೋಗುವುದು ತಿಪ್ಪೆಗೆ ಇಲ್ಲವೇ ಹಳ್ಳಕ್ಕೆ. ನಮ್ಮ ಕಡೆಯ ಹಳ್ಳಗಳ ಹೆಸರು ಕೇಳ್ರಿ, ಬೆಣ್ಣಿಹಳ್ಳ, ತುಪ್ಪರಿಹಳ್ಳ. ಆ ಹಳ್ಳಗಳು ಉಕ್ಕಿ ಹೊಲಕ್ಕೆ ನುಗ್ಗುವ ವರ್ಷ, ನೀರು ಇಳಿದ ಮೇಲೆ ಜಾಲಿ ಕಂಟಿಗೆ ಸಿಕ್ಕಿಕೊಂಡು ಉಬ್ಬಿದ ಡೈಪರುಗಳು ಜೋತಾಡುತ್ತಿರುತ್ತವೆ. ತಿಪ್ಪೆಗೆ ಬಿದ್ದದ್ದನ್ನು ನಾಯಿ ಎಳೆದು ಹರಿಯುತ್ತದೆ, ಒಳಗಿನ ಆ ಸಕ್ಕರಿ ಹರಳು ಲೋಳೆಯಾಗಿ ಸಗಣಿಯಲ್ಲಿ ಸೇರುತ್ತದೆ. ಬೇಸಿಗೆಯಲ್ಲಿ ಗೊಬ್ಬರ ಹೇರುವಾಗ ಸಗಣಿ ಕಳಿತು ಮಣ್ಣಾಗಿರುತ್ತದೆ, ಡೈಪರಿನ ಪ್ಲಾಸ್ಟಿಕ್ ಪದರ ಹಾಕಿದ ಹಾಗೇ ಇರುತ್ತದೆ. ಟ್ರ್ಯಾಕ್ಟರ್ ಟ್ರೇಲರಿಗೆ ಗೊಬ್ಬರ ತುಂಬುವ ಆಳು ಸಲಿಕೆಗೆ ಸಿಕ್ಕ ಒಂದೊಂದನ್ನೇ ಕೈಯಿಂದ ಬಿಡಿಸಿ ಬದುವಿನ ಆಚೆ ಎಸೆಯುತ್ತಾನೆ. ಅವನ ಕೈಗೆ ಕೈಚೀಲವಿಲ್ಲ, ಆ ಕೆಲಸಕ್ಕೆ ಬೇರೆ ಕೂಲಿಯೂ ಇಲ್ಲ.