ಆಶಾ ಚೀಲದ ಜಾಣ್ಮೆ

ಕಡಿಮೆ ತೂಕದ ಕೂಸನ್ನು ಬೆಳಗಾವಿಯ ಆಸ್ಪತ್ರೆ ಜೋಪಾನ ಮಾಡಿ ಮನೆಗೆ ಕಳಿಸುತ್ತದೆ. ನಿಜವಾದ ಪರೀಕ್ಷೆ ಶುರುವಾಗುವುದು ಆಮೇಲೆ. ಖಾನಾಪುರ ತಾಲ್ಲೂಕಿನ ಅಮಗಾಂವ, ಗವಾಳಿಯಂಥ ಕಾಡಂಚಿನ ಊರುಗಳಿಗೆ ಮಳೆಗಾಲದಲ್ಲಿ ವಾಹನ ಹೋಗುವುದೇ ಕಷ್ಟ. ಇಂಥ ಕಡೆ ಕೂಸಿನ ಕಾವಲಿಗೆ ನಿಲ್ಲುವವಳು ಆಶಾ ಕಾರ್ಯಕರ್ತೆ.

2011ರಲ್ಲಿ ದೇಶದಾದ್ಯಂತ ಬಂದ ನವಜಾತ ಶಿಶುಗಳ ಗೃಹ ಆರೈಕೆ ಯೋಜನೆಯಂತೆ, ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಕೆ ಮನೆಗೆ ಬರಬೇಕು. ಚೀಲದಲ್ಲಿ ತೂಗುವ ಜೋಳಿಗೆ ತಕ್ಕಡಿ, ಥರ್ಮಾಮೀಟರ್, ಗಡಿಯಾರ. ಬಂದವಳೇ ಸಾಬೂನು ಹಚ್ಚಿ ಕೈ ತೊಳೆಯುತ್ತಾಳೆ. ಥರ್ಮಾಮೀಟರನ್ನು ಕೂಸಿನ ಕಂಕುಳಲ್ಲಿಟ್ಟು ತೋಳನ್ನು ಮೆತ್ತಗೆ ಒತ್ತಿ ಹಿಡಿಯುತ್ತಾಳೆ. ಅಂಗಿ ಸರಿಸಿ, ಹೊಟ್ಟೆಯ ಏರಿಳಿತ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾಳೆ. 60 ಅಥವಾ ಅದಕ್ಕಿಂತ ಹೆಚ್ಚಾದರೆ ಮತ್ತೊಮ್ಮೆ ಎಣಿಕೆ; ಆಗಲೂ ಅಷ್ಟೇ ಬಂದರೆ ತಡಮಾಡದೆ ಆಸ್ಪತ್ರೆಗೆ ಹೊರಡಿಸುತ್ತಾಳೆ.

ಕೂಸನ್ನು ಬೆಚ್ಚಗಿಡುವ ಬಗೆಯನ್ನೂ ಆಕೆ ಮನೆಯವರಿಗೆ ಹೇಳಿಕೊಡುತ್ತಾಳೆ. ಕೂಸನ್ನು ಮೈಗೆ ಮೈ ತಾಗುವಂತೆ ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಶುರುವಾದದ್ದು 1978ರಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ. ಇದನ್ನು ಅಪ್ಪನೂ ಮಾಡಬಹುದು, ಅಜ್ಜಿಯೂ ಮಾಡಬಹುದು. ಅಷ್ಟು ಹೊತ್ತು ಬಾಣಂತಿ ಬಿಸಿ ಊಟ ಮಾಡಿ, ಒಂದು ನಿದ್ದೆ ತೆಗೆಯಬಹುದು. ಕೂಸಿನಷ್ಟೇ ತಾಯಿಯನ್ನೂ ಉಳಿಸುವ ಜಾಣ್ಮೆ ಇದು.

ಈ ಎಲ್ಲ ಭೇಟಿ ಮುಗಿಸಿದ್ದಕ್ಕೆ ಯೋಜನೆ ಗೊತ್ತುಮಾಡಿದ ಪ್ರೋತ್ಸಾಹಧನ ಒಂದು ಕೂಸಿಗೆ 250 ರೂಪಾಯಿ. ಆಶಾ ಕಾರ್ಯಕರ್ತೆಯರು ನ್ಯಾಯವಾದ ಗೌರವಧನ ಕೇಳಿ ಬೀದಿಗಿಳಿದಾಗ, ದಯವಿಟ್ಟು ಅವರ ಬೆನ್ನಿಗೆ ನಿಲ್ಲಿ.